ಸತ್ತವರಿಗೆ ಉಡುದಾರವಿಲ್ಲ

ಸತ್ತ ಗಂಡನಿಗೆ ಸುನಿತಾ ದಿನಾ ಮೆಸೇಜು ಹಾಕುತ್ತಿದ್ದಳು. ನಗಬೇಡಿ. ಕಟ್ಟಿಕೊಂಡವನು ಹೋದ ಮೇಲೆ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಕೆಲವರು ಅವನ ಅಂಗಿ ಮೂಸುತ್ತಾರೆ, ಕೆಲವರು ಅವನ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿರುತ್ತಾರೆ. ಇವಳು ಸಂಜೆ ಒಲೆ ಕೆಲಸ ಮುಗಿಸಿ, ಜಗುಲಿ ಕಂಬಕ್ಕೆ ಒರಗಿ ಕೂತು, ‘ಊಟ ಆಯ್ತಾ?’ ಎಂದು ಒಂದೇ ಒಂದು ಸಾಲು ಬರೆದು ಲಕ್ಷ್ಮೀಪತಿಯ ನಂಬರಿಗೆ ಕಳಿಸುತ್ತಿದ್ದಳು. ಅವನು ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ ಕಾಲದಲ್ಲಿ ಗಂಡಹೆಂಡಿರ ಸಂಸಾರವೆಲ್ಲ ನಡೆದದ್ದು ಆ ಒಂದು ಸಾಲಿನ ಮೇಲೆಯೇ. ಈಗ ಕಳಿಸಿದರೆ ಮಗ್ಗುಲಲ್ಲಿ ಬೂದು ಬಣ್ಣದ ಒಂದೇ ಟಿಕ್ಕು ಬೀಳುತ್ತಿತ್ತು. ಹೋಯಿತು, ಮುಟ್ಟಲಿಲ್ಲ ಎಂದು ಅದರರ್ಥ. ಮುಟ್ಟುವುದಾದರೂ ಹೇಗೆ? ಫೋನು ಅವನ ಜೊತೆಗೇ ಮಣ್ಣಿನೊಳಗಿತ್ತು.

ಅದು ಅತ್ತೆ ದಾಸಮ್ಮನ ಹಟ. ಮಟಮಟ ಮಧ್ಯಾಹ್ನ ಪ್ಯಾನೆಲುಗಳ ಸಾಲಿನ ನಡುವೆ ಎದೆ ಹಿಡಿದುಕೊಂಡು ಕುಸಿದವನನ್ನು ಊರಿಗೆ ತಂದಾಗ, ಚನ್ನರಾಯನದುರ್ಗದ ಬುಡದ ಆ ಊರಿಗೆ ಊರೇ ಬಂದು ನಿಂತಿತ್ತು. ಊರಿನ ಹಿರಿಯ ಗಂಗಹನುಮಯ್ಯ ಹೆಣಕ್ಕೆ ನೀರು ಹಾಕಿಸಿ, ಸೊಂಟದ ಉಡುದಾರವನ್ನು ಬೆರಳಲ್ಲಿ ಎತ್ತಿ ಕುಡುಗೋಲಿನಿಂದ ಕತ್ತರಿಸಿ ಬಿಸಾಡಿದ. “ಹೊರಟೋನಿಗೆ ಯಾವ ಕಟ್ಟೂ ಇರಬಾರ್ದು ಕಣ್ರಪ್ಪಾ” ಅಂದ. ಬೆಳ್ಳಿ ಉಂಗುರ ತೆಗೆದರು. ಬಾಯಿಗೆ ಎಲೆ ಅಡಿಕೆ ಇಟ್ಟರು. ಆಗ ದಾಸಮ್ಮ ಎದೆ ಬಡಿದುಕೊಂಡು ಕೂಗಿದಳು: “ಅವ್ನ ಫೋನ್ನೂ ಜತೆಗೆ ಹಾಕ್ರೋ! ಅದಿಲ್ದೆ ನನ್ ಮಗಂಗೆ ನಿದ್ದೆ ಬರಾಕಿಲ್ಲ ಕಣ್ರೋ!” ಹೆಣದ ಜೊತೆ ಬೀಡಿ ಕಟ್ಟು, ಹೊಗೆಸೊಪ್ಪು ಹಾಕುವ ಊರಿಗೆ ಫೋನು ಯಾವ ಲೆಕ್ಕ? ಗುಂಡಿಗೆ ಇಳಿದು ಅಣ್ಣನನ್ನು ಮಲಗಿಸುತ್ತಿದ್ದವನು ತಮ್ಮ ರಂಗೇಶ. ಫೋನನ್ನು ಅವನ ಕೈಗೇ ಕೊಟ್ಟರು. ಅವನು ಬಗ್ಗಿ ಅಣ್ಣನ ಬಲಗೈ ಮಗ್ಗುಲಿಗೆ ಇಟ್ಟದ್ದನ್ನು ಸುನಿತಾ ಕಣ್ಣಾರೆ ಕಂಡಳು. ಆಮೇಲೆ ಮಣ್ಣು ಎಳೆದರು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ಬೆಳಗ್ಗೆ ದಾಸಮ್ಮ ಒಬ್ಬಳೇ ಬಸ್ಸು ಹತ್ತಿ ಶಿರಾಕ್ಕೆ ಹೋಗಿ ಸಂಜೆಗೆ ಬಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ದುಃಖದಲ್ಲಿರುವ ಮುದುಕಿಯನ್ನು ಕೇಳುವುದೇನು?

ಸುನಿತಾ ಊರಿನ ಆಶಾ ಕಾರ್ಯಕರ್ತೆ. ಅವಳ ನಂಬರು ಅಂಗನವಾಡಿ ಗೋಡೆಯ ಮೇಲೆ ಬೆರಳು ಗಾತ್ರದ ಅಕ್ಷರದಲ್ಲಿತ್ತು. ತುಂಬಿದ ಬಸುರಿಯರು ಯಾವಾಗೆಂದರೆ ಆವಾಗ ಕರೆಯುವವರು, ಹಾಗಾಗಿ ಫೋನು ಆಫ್ ಮಾಡುವುದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ದಿನ ಅಂಗನವಾಡಿಯಲ್ಲಿ ಕೂಸೊಂದನ್ನು ತಕ್ಕಡಿ ಜೋಲಿಯಲ್ಲಿ ತೂಗುತ್ತಿದ್ದಾಗ ಫೋನು ಸಣ್ಣಗೆ ನಡುಗಿತು. ತೆಗೆದು ನೋಡಿದಳು. ಲಕ್ಷ್ಮೀಪತಿಗೆ ಕಳಿಸಿದ್ದ ಸಾಲುಗಳ ಮಗ್ಗುಲಲ್ಲಿ ಒಂದೊಂದಿದ್ದ ಟಿಕ್ಕುಗಳು ಎರಡೆರಡಾಗಿದ್ದವು. ಅವಳು ನೋಡುತ್ತಿದ್ದ ಹಾಗೇ ಎಲ್ಲವೂ ನೀಲಿಯಾದವು. ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡು ದುರ್ಗದ ಬಾಗಿಲ ಮುಂದೆ ನಿಂತ ಅವನ ಚಿತ್ರದ ಪಕ್ಕದಲ್ಲಿ ‘ಟೈಪಿಂಗ್’ ಎಂದು ಬಂತು.

‘ಆಯ್ತು. ನಿಂದು?’

ಕೂಸು ಜೋಲಿಯಲ್ಲಿ ಕಿರುಚುತ್ತಿತ್ತು. ಕೂಸಿನ ತಾಯಿ, “ಆಶಾ ಅಕ್ಕಾ, ಯಾಕೆ ಇಂಗೆ ಬೆವರ್ತಿದೀರಿ?” ಅಂದಳು. ಹೆದರಿಕೆಯಾಯಿತೇ ಎಂದರೆ ಆಯಿತು. ಆದರೆ ಸುಳ್ಳೇಕೆ ಹೇಳಬೇಕು, ಅದಕ್ಕಿಂತ ಮೊದಲು ಸಂತೋಷವಾಯಿತು. ಸಂಜೆ ಅತ್ತೆಯ ಮುಂದೆ ಕೂತು ಅದನ್ನು ತೋರಿಸಿಯೂ ಬಿಟ್ಟಳು.

ಅದೇ ಅವಳು ಮಾಡಿದ ತಪ್ಪು. ದಾಸಮ್ಮನ ಮುಖ ಎರಡು ತಿಂಗಳ ಮೇಲೆ ಅರಳಿತು. “ನಾನ್ ಹೇಳ್ಲಿಲ್ವಾ? ಫೋನು ಹಾಕ್ರೋ ಅಂತ ನಾನ್ ಬಡ್ಕೊಳ್ಲಿಲ್ವಾ?” ಎಂದು ಫೋನನ್ನೇ ಕಣ್ಣಿಗೊತ್ತಿಕೊಂಡಳು. ಕೊರಟಗೆರೆಯಲ್ಲಿ ಗೂಡ್ಸ್ ಆಟೊ ಓಡಿಸಿ ಬಂದು ಊಟಕ್ಕೆ ಕೂತಿದ್ದ ರಂಗೇಶ ತಟ್ಟೆಯಿಂದ ತಲೆ ಎತ್ತಿ, “ನಿಜವಾಗ್ಲೂ ಅಣ್ಣನೇ ಏನತ್ಗೆ?” ಅಂದ. ಅವನ ಕಣ್ಣಲ್ಲಿ ನೀರಿತ್ತು. ಹುಡುಗ ಒಳ್ಳೆಯವನು ಎಂದೇ ಊರಿನ ಮಾತು. ಯಾರ ಮನೆಯ ಹಸೆಗಾದರೂ ಹೆಣಕ್ಕಾದರೂ ಮೊದಲು ಹೆಗಲು ಕೊಡುವವನು. ಅಣ್ಣ ಹೋದ ಮೇಲೆ ಅತ್ತಿಗೆಯನ್ನು ಆಟೊದಲ್ಲಿ ಆಸ್ಪತ್ರೆಗೆ ಬಿಟ್ಟು ಕರೆತರುವವನೂ ಅವನೇ.

ಮಾರನೆಯ ದಿನ ಚಿತ್ರ ಬಂತು.

ಏನು ಚಿತ್ರ ಎಂದು ಬಿಡಿಸಿ ಹೇಳುವ ದರಿದ್ರ ನನಗೆ ಬೇಡ. ಮುಖವಿಲ್ಲದ ಒಂದು ಗಂಡಿನ ಮೈ, ಸೊಂಟದಿಂದ ಕೆಳಗೆ, ಅಷ್ಟು ಸಾಕು. ಕೆಳಗೆ, ‘ನೆನಪೈತಾ ಸುನಿ?’ ಎಂದು ಬರೆದಿತ್ತು. ಸುನಿ ಎಂದು ಅವಳನ್ನು ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ.

ಅವಳು ಅಂಗನವಾಡಿ ಹಿಂದಿನ ಗೋಡೆಗೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಚಿತ್ರ ಅಳಿಸಿದಳು. ಮತ್ತೊಂದು ಬಂತು. ಅದನ್ನೂ ಅಳಿಸಿದಳು. ಹೀಗೇ ನಡೆಯಿತು. ಬಸುರಿಯ ಬಿ.ಪಿ. ನೋಡುವಾಗ, ಬಸ್ಸಿನಲ್ಲಿ, ಡೇರಿ ಮುಂದೆ, ಹೊತ್ತಿಲ್ಲ ಗೊತ್ತಿಲ್ಲ. ಫೋನು ನಡುಗಿದರೆ ಸಾಕು, ಅವಳು ಅದನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದಳು. ಬ್ಲಾಕ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಮಾಡಿ ನೋಡಿ, ನಿಮ್ಮ ಸತ್ತ ಗಂಡನ ಹೆಸರಿನ ಮುಂದೆ ಆ ಗುಂಡಿ ಒತ್ತಿ ನೋಡಿ.

ಸಂಜೆಯಾದರೆ ಮನೆಯಲ್ಲಿ ಇನ್ನೊಂದು ಯಮಯಾತನೆ. ದಾಸಮ್ಮ ದೀಪ ಹಚ್ಚಿ ಬಂದು ಎದುರಿಗೆ ಕೂರುವಳು. “ಏನಾರ ಬಂತಾ?”

“ಬಂತು ಅತ್ತೆ.”

“ಏನಂದ ನನ್ನಪ್ಪ?”

ಏನು ಹೇಳಿಯಾಳು? ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ. “ನಿಮ್ಮ ಮಂಡಿನೋವು ಹೆಂಗೈತೆ ಅಂತ ಕೇಳಿದ್ರು” ಅನ್ನುವಳು. ಇನ್ನೊಂದು ದಿನ, “ಅವರೆಕಾಯಿ ಹುಳಿ ತಿನ್ನಂಗಾಗೈತೆ ಅಂದ್ರು.” ಅತ್ತೆ ಮಾರನೆಯ ಬೆಳಗ್ಗೆ ಅವರೆಕಾಯಿ ಹುಳಿ ಮಾಡಿ, ಬಿಸಿ ಮುದ್ದೆ ಕಟ್ಟಿ, ಹೊಲದ ಸಮಾಧಿಗೆ ಹೊತ್ತುಕೊಂಡು ಹೋಗುವಳು. ಸುನಿತಾ ಹಗಲೆಲ್ಲ ಒಬ್ಬ ಗಂಡನನ್ನು ಅಳಿಸುತ್ತಾ, ಸಂಜೆ ಇನ್ನೊಬ್ಬ ಗಂಡನನ್ನು ಬಾಯಲ್ಲಿ ಹುಟ್ಟಿಸುತ್ತಿದ್ದಳು. ಅವಳು ಹಾಗೆ ಸುಳ್ಳು ಹೇಳುವಾಗಲೆಲ್ಲ ರಂಗೇಶ ಮುದ್ದೆ ಮುರಿಯುತ್ತಾ ಮೆಲ್ಲಗೆ ನಗುತ್ತಿದ್ದ. ಅಣ್ಣನ ಮಾತು ಕೇಳಿ ಹುಡುಗನಿಗೆ ಸಮಾಧಾನವಾಗಿದೆ ಎಂದುಕೊಂಡಳು ಸುನಿತಾ.

ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಹೊಲಸು ಚಿತ್ರವಲ್ಲ. ಹನ್ನೆರಡು ವರ್ಷ ಜೊತೆಗಿದ್ದವನು, ದೀಪ ಆರಿಸದೆ ಅಂಗಿ ಬಿಚ್ಚಲು ನಾಚಿಕೊಳ್ಳುತ್ತಿದ್ದವನು, ಅವಳಿಗೆ ಮಕ್ಕಳಾಗದ್ದಕ್ಕೆ ಯಾರಾದರೂ ಅಂದರೆ ಆಡಿದವರ ಮನೆ ನೀರು ಮುಟ್ಟದೆ ಎದ್ದು ಬರುತ್ತಿದ್ದವನು. ಅವನ ಮುಖ ನೆನೆಸಿಕೊಂಡರೆ ಈಗ ಅಸಹ್ಯ ಬರುತ್ತಿತ್ತು. ಒಂದು ಸಲ ಸತ್ತಿದ್ದವನು ಈಗ ಚೂರು ಚೂರಾಗಿ ಸಾಯುತ್ತಿದ್ದ. ಉಳಿದಿದ್ದದ್ದು ಅವನ ನೆನಪೊಂದೇ, ಅದೂ ಕೊಳೆಯುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಹೊಲಕ್ಕೆ ಹೋದಳು. ಹೊಂಗೆ ಮರದ ಪಕ್ಕದಲ್ಲಿ ಸಮಾಧಿಯ ಮಣ್ಣಿನ್ನೂ ಉಬ್ಬಿಕೊಂಡೇ ಇತ್ತು. ಸುತ್ತ ಕಡಲೆಕಾಯಿ ಕಿತ್ತ ಹೊಲ ಬಟಾಬಯಲು. ಆ ಕಡೆ ಬಂಡೆಗಳ ರಾಶಿ, ಅದರಾಚೆ ದುರ್ಗದ ಬೆಟ್ಟ. ಕಾಗೆಯ ಸದ್ದೂ ಇರಲಿಲ್ಲ. ಸುನಿತಾ ಮಂಡಿಯೂರಿ, ಸಮಾಧಿಯ ಮೇಲೆ ಕಿವಿಯಿಟ್ಟು, ಅವನ ನಂಬರಿಗೆ ಕರೆ ಮಾಡಿದಳು. ಮಣ್ಣಿಗೊತ್ತಿದ ಕಿವಿಗೆ ಏನೂ ಕೇಳಲಿಲ್ಲ. ಫೋನು ಹಿಡಿದ ಕಿವಿಯಲ್ಲಿ ಮಾತ್ರ ರಿಂಗಾಗುತ್ತಿತ್ತು. ಆಗುತ್ತಲೇ ಇತ್ತು. ನಿಂತಿತು. ಆಮೇಲೆ ಫೋನು ನಡುಗಿತು.

‘ಮಣ್ಣು ಕಾದೈತೆ, ಎದ್ದೇಳು ಸುನಿ. ಕೆನ್ನೆ ಸುಟ್ಟೀತು.’

ಅವಳು ಎದ್ದು ಓಡಿದಳು. ಚಪ್ಪಲಿ ಅಲ್ಲೇ ಉಳಿಯಿತು. ಕಳ್ಳಿ ಬೇಲಿ ಸೀರೆ ಹರಿದದ್ದು ಮನೆ ಮುಟ್ಟಿದ ಮೇಲೇ ಗೊತ್ತಾದದ್ದು.

ಆ ವಾರ ಮಧುಗಿರಿಯಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಇತ್ತು. ಊಟವಾದ ಮೇಲೆ ಕಾನೂನು ಅರಿವಿನ ಭಾಷಣ. ಎಲ್ಲರೂ ತೂಕಡಿಸುವ ಹೊತ್ತು ಅದು. ಮಾತಾಡಲು ಬಂದವಳು ಫರೀಹಾ ಎಂಬ ವಕೀಲೆ, ಶಿರಾದವಳು, ಮಧುಗಿರಿ ಕೋರ್ಟಿನಲ್ಲಿ ವಕಾಲತ್ತು. ಸಣ್ಣ ವಯಸ್ಸು, ದೊಡ್ಡ ಗಂಟಲು. “ಮೊಬೈಲಿಗೆ ಹೊಲಸು ಚಿತ್ರ ಬಂದಿರೋರು ಇಲ್ಲಿ ಯಾರೂ ಕೈ ಎತ್ತಲ್ಲ ಅಂತ ನನಗೊತ್ತು. ಎತ್ತೋದೂ ಬೇಡ, ಕೇಳಿಸ್ಕೊಳ್ಳಿ ಸಾಕು” ಎಂದು ಶುರು ಮಾಡಿದಳು. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು.

“ಬೇಡ ಅನ್ನೋ ಹೆಂಗಸಿಗೆ ಅಂಥ ಚಿತ್ರ ತೋರ್ಸೋದು ತಮಾಷೆ ಅಲ್ಲ, ಲೈಂಗಿಕ ಕಿರುಕುಳ. ನ್ಯಾಯ ಸಂಹಿತೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ. ಫೋನಲ್ಲಿ ಕಳಿಸಿದ್ರೆ ಐಟಿ ಕಾಯ್ದೆನೂ ಜೊತೆಗೆ ಸೇರ್ಕೊಳ್ಳುತ್ತೆ. ಯಾವ ಠಾಣೆಗೆ ಬೇಕಾದ್ರೂ ಹೋಗಿ ದೂರು ಕೊಡಿ. ಇದು ನಮ್ಮ ಸರಹದ್ದಲ್ಲ ಅಂತ ವಾಪಸ್ ಕಳ್ಸೋ ಹಾಗಿಲ್ಲ. ನಿಮ್ಮ ಮಾತು ಬರ್ಕೊಳ್ಳೋದು ಹೆಂಗಸು ಅಧಿಕಾರಿನೇ ಆಗಿರ್ಬೇಕು. ಠಾಣೆ ಮೆಟ್ಟಿಲು ಹತ್ತೋಕೆ ಭಯವಾದ್ರೆ ಸೈಬರ್ ಪೋರ್ಟಲ್ ಇದೆ, ಮನೇಲಿ ಕೂತೇ ಹಾಕಿ. ವಕೀಲರ ಚಿಂತೆ ಬೇಡ, ಹೆಂಗಸರಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರನ್ನ ಕೊಡ್ತಾರೆ. ಒಂದು ಕೆಲಸ ಮಾತ್ರ ಮಾಡ್ಬೇಡಿ. ಅಳಿಸ್ಬೇಡಿ. ನಾಚಿಕೆಗೆ ಅಳಿಸಿಬಿಟ್ರೆ, ಅಂಗಳದಲ್ಲಿ ಬಿದ್ದಿರೋ ಕಳ್ಳನ ಹೆಜ್ಜೇನ ನೀವೇ ಗುಡಿಸಿದ ಹಾಗೆ.”

ಸುನಿತಾ ಕಾಯುತ್ತಾ ನಿಂತಳು. ಎಲ್ಲರೂ ಬಸ್ಸಿಗೆ ಹೊರಟ ಮೇಲೆ ವಕೀಲೆಯ ಹತ್ತಿರ ಹೋಗಿ ಕೇಳಿದಳು. “ಮೇಡಂ, ಕಳಿಸಿದೋನು ಸತ್ತೋಗಿದ್ರೆ?”

“ಕಳಿಸಿ ಆಮೇಲೆ ಸತ್ತನಾ?”

“ಇಲ್ಲ ಮೇಡಂ. ಸತ್ತ ಮೇಲೆ ಕಳಿಸ್ತಾವ್ನೆ.”

ಫರೀಹಾ ನಗಲಿಲ್ಲ. ನಕ್ಕಿದ್ದರೆ ಸುನಿತಾ ಅಲ್ಲಿಂದಲೇ ಓಡಿಹೋಗುತ್ತಿದ್ದಳು. ಇಬ್ಬರೂ ಕಿಟಕಿ ಹತ್ತಿರ ಕೂತರು. ಸುನಿತಾ ಗುಂಡಿ, ಫೋನು, ಟಿಕ್ಕು, ಸಮಾಧಿ, ಎಲ್ಲವನ್ನೂ ಹೇಳಿದಳು. ಫರೀಹಾ ಕೇಳುವಷ್ಟು ಕೇಳಿ, “ಅರೆ ಅಕ್ಕಾ, ದೆವ್ವ ಬರುತ್ತೋ ಇಲ್ವೋ ನನಗ್ಗೊತ್ತಿಲ್ಲ. ಆದ್ರೆ ದೆವ್ವ ರೀಚಾರ್ಜ್ ಮಾಡ್ಸಲ್ಲ. ಚಾರ್ಜಿಗೂ ಹಾಕಲ್ಲ” ಅಂದಳು.

ಅಷ್ಟು ದಿನ ಅದು ಸುನಿತಾಗೆ ಹೊಳೆದಿರಲಿಲ್ಲ. ಹೊಳೆಯದ್ದಕ್ಕೆ ಅವಳೇನು ದಡ್ಡಿಯಲ್ಲ. ಅವಳಿಗೆ ಅವನು ಬೇಕಾಗಿದ್ದ.

“ಒಂದು ವಿಷಯ ಮೊದಲೇ ಹೇಳ್ತೀನಿ” ಅಂದಳು ಫರೀಹಾ. “ನಂಬರು ನಿಮ್ಮ ಯಜಮಾನರ ಹೆಸರಲ್ಲಿದೆ. ದೂರಿನಲ್ಲಿ ಮೊದಲು ಬರೋದು ಅವರ ಹೆಸರೇ. ಮನೆಯಲ್ಲಿ ಗಲಾಟೆ ಆಗುತ್ತೆ. ಈಗ ಒಂದು ಚಿತ್ರನೂ ಇಟ್ಕೊಂಡಿಲ್ವಾ?”

“ಎಲ್ಲಾ ಅಳಿಸ್ಬುಟ್ಟೆ ಮೇಡಂ.”

“ಹೋಗಲಿ. ಇನ್ನು ಮೇಲೆ ಬಂದದ್ದನ್ನ ಹಾಗೇ ಇಡಿ. ಬೇರೆಯವರಿಗೆ ಕಳಿಸೋದೂ ಬೇಡ. ನನಗೊಂದು ಫೋನ್ ಮಾಡಿ, ಕೊರಟಗೆರೆಗೆ ಬರ್ತೀನಿ.”

ಮಾರನೆಯ ದಿನವೇ ಬಂತು. ಬಿಸಿಲು ಕಾಯುತ್ತಾ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು ಸುನಿತಾ. ಕೈ ಒರೆಸಿಕೊಂಡು ಫೋನು ತೆಗೆದಳು. ಅಳಿಸಲು ಹೋದ ಬೆರಳನ್ನು ಹಿಡಿದು ನಿಲ್ಲಿಸಿದಳು. ಹೆರಿಗೆಮನೆಯಲ್ಲಿ ಎಂತೆಂಥದನ್ನೋ ಕಂಡವಳು ಅವಳು, ಕೊಳೆತ ಗಾಯವನ್ನು ಮೂಗು ಮುಚ್ಚದೆ ತೊಳೆದವಳು. ಹಾಗೆಯೇ ನೋಡಬೇಕು ಎಂದು ಹಲ್ಲುಕಚ್ಚಿ ನೋಡಿದಳು. ಇಷ್ಟು ದಿನ ಒಂದು ಚಿತ್ರವನ್ನೂ ಸರಿಯಾಗಿ ನೋಡಿರಲಿಲ್ಲ. ಕಂಡ ಕೂಡಲೇ ಕಣ್ಣು ಮುಚ್ಚಿ ಅಳಿಸುತ್ತಿದ್ದಳು.

ಸೊಂಟದಲ್ಲಿ ಉಡುದಾರವಿತ್ತು.

ಕೆಂಪು ಕಪ್ಪು ಎಳೆ ಹೊಸೆದ ಹೊಸ ದಾರ. ಅದಕ್ಕೆ ಮಗ್ಗುಲಲ್ಲಿ ಒಂದು ಸಣ್ಣ ಬೆಳ್ಳಿ ತಾಯತ. ಸುನಿತಾಗೆ ಗಂಗಹನುಮಯ್ಯನ ಕುಡುಗೋಲು ಕಣ್ಣಮುಂದೆ ಬಂತು, ಹೊರಟೋನಿಗೆ ಕಟ್ಟು ಇರಬಾರದು ಎಂದ ಮಾತು ಕಿವಿಗೆ ಬಂತು. ಅಯ್ಯೋ ದೇವರೇ! ಸತ್ತವರಿಗೆ ಉಡುದಾರವಿರುವುದಿಲ್ಲ. ಇದು ಅವನಲ್ಲ. ಇವನು ಯಾವನೋ ಉಸಿರಾಡುವವನು, ಅನ್ನ ತಿನ್ನುವವನು. ಅವಳು ತೊಳೆಯದ ಪಾತ್ರೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಅತ್ತಳು. ಲಕ್ಷ್ಮೀಪತಿ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಗಂಡ ಮತ್ತೆ ಸತ್ತುಹೋಗಿದ್ದ. ಈ ಸಲ ಚೊಕ್ಕಟವಾಗಿ ಸತ್ತಿದ್ದ.

ಫರೀಹಾಗೆ ಫೋನು ಮಾಡಿದಳು. ಆಮೇಲೆ ಸಂಜೆ, ರಂಗೇಶ ಇನ್ನೂ ಬಂದಿರಲಿಲ್ಲ, ಅತ್ತೆ ಎದುರಿಗೆ ಬಂದು ಕೂತು “ಏನಾರ ಬಂತಾ?” ಅಂದಾಗ, “ಅತ್ತೆ, ನಾಳೆ ನಾನು ಠಾಣೆಗೆ ಹೋಗ್ತೀನಿ. ಆ ನಂಬರಿನ ಮೇಲೆ ಕಂಪ್ಲೇಂಟು ಕೊಡ್ತೀನಿ” ಅಂದಳು.

ದಾಸಮ್ಮ ಸಿಡಿದೆದ್ದಳು. “ಏನಂದೆ? ನನ್ ಮಗನ ಹೆಸರ ಠಾಣೇಲಿ ಬರೆಸ್ತೀಯೇನೇ? ಮಣ್ಣಾದೋನ ಮೇಲೆ ಕೇಸು ಹಾಕ್ತೀಯೇನೇ ಮುಂಡೆ? ಅವ್ನು ನಿನ್ ಮೇಲೆ ಪ್ರಾಣ ಇಟ್ಟು, ಹೋದಮ್ಯಾಲೂ ಮಾತಾಡುಸ್ತಾವ್ನೆ, ನಿನಗೆ ಅದು ಭಾರವಾಯ್ತಾ?”

“ಭಾರ ಆಗೈತೆ ಅತ್ತೆ.”

“ಯಾಕೆ? ಏನಂದ ಅಂತದ್ದ?”

ಹೆತ್ತ ತಾಯಿಗೆ ಯಾವ ಬಾಯಿಯಿಂದ ಹೇಳುವುದು? ಆದರೆ ಹೇಳದೆ ಉಳಿದರೆ ಈ ಮುದುಕಿ ಸಾಯುವವರೆಗೂ ಯಾವನದೋ ಹೊಲಸಿಗೆ ಮುದ್ದೆ ಹುಳಿ ನೈವೇದ್ಯ ಇಡುತ್ತಲೇ ಇರುತ್ತಾಳೆ. “ದಿನಾ ಕೇಳ್ತಿದ್ರಲ್ಲ, ಏನ್ ಬಂತು ಅಂತ. ನಾನು ಹೇಳಿದ್ದೆಲ್ಲ ಸುಳ್ಳು. ಬಂದದ್ದು ಇದು” ಎಂದು ಫೋನನ್ನು ಅತ್ತೆಯ ಕೈಯಲ್ಲಿಟ್ಟು, ಮುಖ ಗೋಡೆ ಕಡೆ ತಿರುಗಿಸಿದಳು.

ಬೈಗುಳ ಬರುತ್ತದೆ, ಅಳು ಬರುತ್ತದೆ ಎಂದು ಕಾದಳು. ಬರಲಿಲ್ಲ. ತಿರುಗಿ ನೋಡಿದರೆ ದಾಸಮ್ಮ ಫೋನನ್ನು ದೀಪದ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಹೆಬ್ಬೆರಳಿಂದ ಗಾಜಿನ ಮೇಲೆ ಒಂದೇ ಜಾಗವನ್ನು ಉಜ್ಜುತ್ತಿದ್ದಳು. ಕೊಳೆ ಒರೆಸುವ ಹಾಗೆ ಉಜ್ಜುತ್ತಿದ್ದಳು. ಆಮೇಲೆ ಫೋನನ್ನು ನೆಲದ ಮೇಲೆ ಮಗುಚಿ ಇಟ್ಟಳು.

“ಇದು ಲಕ್ಷ್ಮೀಪತಿ ಅಲ್ಲ” ಅಂದಳು.

“ಅಲ್ಲ ಅತ್ತೆ. ಅವರ ಉಡುದಾರ ಕತ್ತರಿಸಿದ್ರಲ್ಲ.”

ಹೊರಗೆ ಗೂಡ್ಸ್ ಆಟೊ ಬಂದು ನಿಂತ ಸದ್ದಾಯಿತು. ರಂಗೇಶ ಕಾಲು ತೊಳೆದು ಒಳಗೆ ಬಂದು, “ಏನವ್ವಾ, ಅಣ್ಣ ಏನಾರ ಅಂದ್ನಾ?” ಎಂದು ನಗುತ್ತಾ ಕೇಳಿದ. ದಾಸಮ್ಮ ಅವನಿಗೆ ಊಟಕ್ಕಿಟ್ಟಳು. ಬಿಸಿ ಮುದ್ದೆ, ಹುಳಿ, ಮೇಲೆ ಒಂದು ಚಮಚ ತುಪ್ಪ. ಅವನು ಉಂಡು ಮುಗಿಸುವವರೆಗೂ ಎದುರಿಗೇ ಕೂತು, ಅವನ ಬಾಯನ್ನೇ ನೋಡುತ್ತಿದ್ದಳು. “ಯಾಕವ್ವ ಅಂಗೆ ನೋಡ್ತೀಯ?” ಅಂದ. “ಉಣ್ಣು” ಅಂದಳು. ಅದನ್ನು ನೋಡುತ್ತಿದ್ದ ಸುನಿತಾಗೆ ಯಾಕೋ ಸಮಾಧಿಯ ಮೇಲೆ ಕಿವಿಯಿಟ್ಟಾಗಿನದಕ್ಕಿಂತ ಹೆಚ್ಚು ಮೈ ಜುಮ್ಮೆಂದಿತು.

ಬೆಳಗ್ಗೆ ಸುನಿತಾ ಹೊರಡುವಾಗ ದಾಸಮ್ಮ ತಲೆಗೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. “ನಾನೂ ಬತ್ತೀನಿ” ಅಂದಳು. ಬಸ್ಸಿನಲ್ಲಿ ಎರಡು ಟಿಕೆಟ್ಟನ್ನೂ ಸುನಿತಾಳೇ ತೆಗೆಸಿದಳು.

ಠಾಣೆಯ ಹತ್ತಿರ ಫರೀಹಾ ಕಾಯುತ್ತಿದ್ದಳು. ಹೇಳಿಕೆ ಬರೆದುಕೊಂಡವಳು ಸರೋಜಮ್ಮ ಎಂಬ ಸಬ್ ಇನ್‌ಸ್ಪೆಕ್ಟರು. ದಪ್ಪ ಕನ್ನಡಕ, ಕಡಿಮೆ ಮಾತು. ಸುನಿತಾ ಮೊದಲಿಂದ ಹೇಳಿದಳು, ನಡುವೆ ತಡವರಿಸಿದಾಗೆಲ್ಲ ಫರೀಹಾ ನೀರು ಕೊಟ್ಟಳು. ಚಿತ್ರವನ್ನು ಸರೋಜಮ್ಮ ಒಂದೇ ಸಲ ನೋಡಿ ಫೋನನ್ನು ಪಕ್ಕಕ್ಕಿಟ್ಟಳು. “ಕಳಿಸಿದವನ ಹೆಸರು?”

“ನಂಬರು ನಮ್ಮ ಯಜಮಾನ್ರದ್ದು. ಕಳ್ಸೋನು ಯಾರು ಅಂತ ಗೊತ್ತಿಲ್ಲ ಮೇಡಂ.”

“ಗೊತ್ತಿಲ್ಲ ಅಂತಲೇ ಬರೀಬಹುದು” ಅಂದಳು ಫರೀಹಾ. “ಟವರ್ ನೋಡಿ ಹುಡುಕ್ತಾರೆ.”

ಸರೋಜಮ್ಮ ಬರೆಯಲು ಬಗ್ಗಿದಳು. ಮೂಲೆಯ ಬೆಂಚಿನಿಂದ ದಾಸಮ್ಮ ಎದ್ದು ಬಂದಳು.

“ಗೊತ್ತೈತೆ ಬರಿ ತಾಯಿ” ಅಂದಳು.

ಎಲ್ಲರೂ ಅವಳ ಕಡೆ ತಿರುಗಿದರು. ಮುದುಕಿ ಮೇಜಿನ ಅಂಚು ಹಿಡಿದುಕೊಂಡಿದ್ದಳು. “ಒಬ್ನ ಕಳ್ಕೊಂಡೆ, ಇನ್ನೊಬ್ನಾದ್ರೂ ಉಳೀಲಿ ಅಂತ ಸಿರಾಕೆ ಹೋಗಿದ್ದೆ. ಅಲ್ಲಿ ದರ್ಗಾದ ಕರೀಮ್ ಸಾಬ್ರು ತಾಯತ ಮಂತ್ರಿಸಿ ಕೊಟ್ರು. ‘ಅಮ್ಮಾ, ನಿನ್ ಕೈಯಾರೆ ಕಟ್ಟು, ತಾಯಿ ಕಟ್ಟಿದ್ದಕ್ಕೆ ಬಲ ಜಾಸ್ತಿ’ ಅಂದ್ರು. ದಾರ ನಾನೇ ಹೊಸೆದೆ. ಕೆಂಪು, ಕಪ್ಪು. ನಾನೇ ಕಟ್ಟಿದೆ. ಎರಡನೇ ಗಂಟು ಜಾರ್ತು ಅಂತ ಬಾಯಲ್ಲಿ ಕಚ್ಚಿ ಬಿಗಿದೆ. ಬರ್ಕೊ. ರಂಗೇಶ. ಅವ್ರಪ್ಪ ಸಣ್ಣರಂಗಯ್ಯ.” ಸೆರಗು ಸರಿಮಾಡಿಕೊಂಡಳು. “ತಾಯಿ ದಾಸಮ್ಮ.”

ಸುನಿತಾ ಒಂದೊಂದನ್ನೇ ಜೋಡಿಸಿಕೊಂಡಳು. ಆಟೊದಲ್ಲಿ ಪಕ್ಕದಲ್ಲಿ ಕೂತು ಹೋದ ದಿನಗಳು, ತಟ್ಟೆಯ ಮೇಲಿನ ಆ ನಗು, ‘ಅಣ್ಣ ಏನಂದ’ ಎಂಬ ಆ ಕೇಳುವಿಕೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದಲ್ಲವೇ! ಸಮಾಧಿ ಹತ್ತಿರದ, ಒಬ್ಬ ಮರೆಯಾಗಿ ಕೂರಬಹುದಾದ ಬಂಡೆಗಳ ರಾಶಿಯೂ ನೆನಪಾಯಿತು.

ಅಂದೇ ಮಧ್ಯಾಹ್ನ ಅವನನ್ನು ಕರೆತಂದರು. ಬರುವಾಗ ಜೋರಿನಲ್ಲೇ ಇದ್ದ, ನನಗೇನೂ ಗೊತ್ತಿಲ್ಲ ಎಂದು ಯಾರೂ ಕೇಳುವ ಮೊದಲೇ ಅನ್ನುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಬೆಂಚಿನ ಮೇಲೆ ತಾಯಿಯನ್ನು ಕಂಡ ಮೇಲೆ ದನಿ ಇಳಿಯಿತು. ಆಟೊದ ಸೀಟಿನ ಕೆಳಗೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಲಕ್ಷ್ಮೀಪತಿಯ ಫೋನು ಸಿಕ್ಕಿತು. ಗುಂಡಿಯಲ್ಲಿ ಬಗ್ಗಿ ಅಣ್ಣನ ಕೈ ಮಗ್ಗುಲಿಗೆ ಇಟ್ಟವನು, ಹೆಣದ ಮೇಲಿನ ಬಟ್ಟೆ ಸರಿ ಮಾಡುವ ನೆಪದಲ್ಲಿ ಅದನ್ನು ಮತ್ತೆ ಎತ್ತಿ ಜೇಬಿಗೆ ಹಾಕಿಕೊಂಡಿದ್ದ. “ಒಳ್ಳೆ ಫೋನು, ಸುಮ್ನೆ ಮಣ್ಣಾಗುತ್ತಲ್ಲ ಅಂತ” ಅಂದ. ಲಾಕು ತೆಗೆಯಲು ಪರದೆಯ ಮೇಲೆ ಎಳೆಯುವ ಗೀಟು ಮನೆಯವರಿಗೆಲ್ಲ ಗೊತ್ತಿದ್ದದ್ದೇ. “ಆನ್ ಮಾಡಿದ್ರೆ ಅತ್ಗೆ ಮೆಸೇಜು ಸಾಲಾಗಿ ಬಂದ್ವು. ಅಣ್ಣ ಸುನಿ ಅಂತ ಬರೆದಿದ್ದ ಹಳೇವೂ ಅದ್ರಲ್ಲೇ ಇದ್ವು. ಸತ್ತೋನಿಗೆ ಊಟ ಆಯ್ತಾ ಅಂತಾಳೆ, ಎದ್ರಿಗೆ ಕೂತು ಉಣ್ಣೋನ ಮುಖಾನೂ ನೋಡಲ್ಲ. ಅಣ್ಣ ಅಂತ ತಿಳ್ಕೊಂಡ್ರೆ ಯಾರಿಗೂ ಹೇಳಲ್ಲ ಅನ್ಕಂಡೆ. ಸತ್ತೋನ ಮೇಲೆ ಯಾರು ಕಂಪ್ಲೇಂಟ್ ಕೊಡ್ತಾರೆ ಅಂತ...”

ಸರೋಜಮ್ಮ ಎಲ್ಲವನ್ನೂ ಪಂಚರ ಮುಂದೆ ಬರೆಸಿದಳು. ಆಮೇಲೆ, “ಚಿತ್ರದಲ್ಲಿರೋ ದಾರ ತಾಯತ ಎರಡನ್ನೂ ಜಪ್ತಿ ಮಾಡ್ಬೇಕು. ಕತ್ತರಿ ತನ್ನಿ” ಅಂದಳು. ಒಬ್ಬ ಪೇದೆ ರಂಗೇಶನ ಅಂಗಿಯ ಅಂಚನ್ನು ಮೇಲೆತ್ತಿದ. ಕೆಂಪು ಕಪ್ಪು ದಾರ ಕಂಡಿತು. ಇನ್ನೊಬ್ಬ ಕತ್ತರಿ ಹಿಡಿದು ಹತ್ತಿರ ಹೋದ.

“ಇರಪ್ಪಾ” ಅಂದಳು ದಾಸಮ್ಮ. “ಕಟ್ಟಿದೋಳು ನಾನು.”

ಪೇದೆ ಸರೋಜಮ್ಮನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಕತ್ತರಿ ಕೈಗೆ ಬರುತ್ತಲೇ ರಂಗೇಶನಿಗೆ ತಾಯಿ ಏನು ಮಾಡುತ್ತಿದ್ದಾಳೆ ಎಂದು ಗೊತ್ತಾಯಿತು. ಅಲ್ಲಿವರೆಗೂ ಜೈಲಿಗೂ ಹೆದರದವನು ಗೋಡೆಗೆ ಒತ್ತಿಕೊಂಡು, “ಬ್ಯಾಡ ಕಣವ್ವಾ! ಅವ್ವಾ, ನಾನು ಬದುಕಿದ್ದೀನಿ ಕಣವ್ವಾ!” ಎಂದು ಚಿಕ್ಕಮಗುವಿನ ಹಾಗೆ ಕೂಗತೊಡಗಿದ. ದಾಸಮ್ಮ ಗಂಗಹನುಮಯ್ಯ ಎತ್ತಿದ ಹಾಗೆಯೇ ದಾರವನ್ನು ಒಂದು ಬೆರಳಲ್ಲಿ ಎತ್ತಿದಳು. “ಹೊರಟೋನಿಗೆ ಯಾವ ಕಟ್ಟೂ ಇರಬಾರ್ದು” ಎಂದು ಮೆಲ್ಲಗೆ ಅಂದು ಕತ್ತರಿಸಿದಳು. ದಾರವನ್ನು ಸರೋಜಮ್ಮನ ಮೇಜಿನ ಮೇಲಿಟ್ಟು, ಮಗನ ಮುಖವನ್ನು ನೋಡದೆ ಹೊರಗೆ ನಡೆದಳು.

ಸುನಿತಾಳ ಫೋನೂ ಸಾಕ್ಷಿಗೆಂದು ಠಾಣೆಯಲ್ಲೇ ಉಳಿಯಿತು. ವಾಪಸು ಬರುವ ಬಸ್ಸಿನಲ್ಲಿ ಅವಳ ಮಡಿಲು ಖಾಲಿ, ಏನೂ ನಡುಗುತ್ತಿರಲಿಲ್ಲ. ದುರ್ಗದ ಬೆಟ್ಟ ಕಂಡಾಗ ಲಕ್ಷ್ಮೀಪತಿಯ ಮುಖ ನೆನೆಸಿಕೊಂಡಳು. ಕಪ್ಪು ಕನ್ನಡಕ ಹಾಕಿಕೊಂಡು ನಾಚುತ್ತಾ ನಿಂತಿದ್ದ. ಅವಳಿಗೆ ಅಸಹ್ಯವಾಗಲಿಲ್ಲ. ‘ಊಟ ಆಯ್ತಾ?’ ಎಂದು ಮನಸ್ಸಿನಲ್ಲೇ ಕೇಳಿದಳು. ಉತ್ತರ ಬರಲಿಲ್ಲ, ಅದೇ ನೆಮ್ಮದಿಯಾಯಿತು.

ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಸುನಿತಾ ಬೀಗ ತೆಗೆದು ಒಳಗೆ ಹೋಗಿ ದೀಪ ಹಾಕಿದಳು. ಅತ್ತೆ ಬರಲಿಲ್ಲ. ಹೊರಗೆ ಬಂದು ನೋಡಿದರೆ ದಾಸಮ್ಮ ಅಂಗಳದ ಕಲ್ಲಿನ ಮೇಲೆ, ಹೊಸಿಲಿಂದ ದೂರ, ಸೆರಗು ಬಿಗಿದುಕೊಂಡು ಕೂತಿದ್ದಳು.

“ಒಳಕ್ಕೆ ಬನ್ನಿ ಅತ್ತೆ.”

“ನೀರು ಕಾಯಿಸವ್ವ, ತಲೆ ಮ್ಯಾಲೆ ಹುಯ್ಯಿ” ಅಂದಳು ದಾಸಮ್ಮ. “ಮಣ್ಣು ಮಾಡಿ ಬಂದೋರು ಅಂಗೇ ಒಳಕ್ಕೆ ಬರಬಾರ್ದು.”